ಅತ್ತೆಯ ಎಂಜಲು

ನನ್ನ ಸೋದರತ್ತೆಯ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ಎಂಜಲಾದದ್ದು, ಇನ್ನೇನು ಎಂಜಲಾಗಲಿರುವುದು!

ಅವಳು ಕೋಡಿಹಳ್ಳಿಯಲ್ಲಿ ಬಸ್ಸು ಹತ್ತಿದಳೆಂದರೆ ಕಂಡಕ್ಟರಿಗೆ ಗ್ರಹಚಾರ. ಪಾಪ, ಅವನು ಬೆರಳನ್ನು ನಾಲಿಗೆಗೆ ಸವರಿ ಟಿಕೆಟ್ ಹರಿಯುವವನು.

"ಆ ಎಂಜಲು ಚೀಟಿ ನೀನೇ ಮಡೀಕಪ್ಪ."

"ಟಿಕೆಟ್ ಇಲ್ದಿದ್ರೆ ಚೆಕಿಂಗ್‌ನೋರು ದಂಡ ಹಾಕ್ತಾರೆ ಕಣಮ್ಮೋ!"

"ಉಗುಳು ನಿಂದು, ದಂಡ ನಂಗಾ?"

ಕೊನೆಗೆ ಅವನು ಕಿಟಕಿಯಾಚೆ ಕೈ ಚಾಚಿ ಬೆರಳು ತೊಳೆದು ಬೇರೆ ಟಿಕೆಟ್ ಹರಿದ. ನೀರು? ಅತ್ತೆಯದೇ ಚೊಂಬಿನದು!

ಒಂದನೇ ಕ್ಲಾಸಿನಲ್ಲಿ ನಾನು ಸ್ಲೇಟಿಗೆ ಉಗುಳಿ ಒರೆಸಿದ್ದನ್ನು ಕಂಡು, "ಸರಸ್ವತಿ ಮಕಕ್ಕೆ ಉಗೀತೀಯಾ?" ಎಂದು ಬೆನ್ನಿಗೆ ಬಾರಿಸಿದ್ದಳು. ಮಾರನೆಯ ದಿನದಿಂದ ನನ್ನ ಚೀಲದಲ್ಲಿ ತಪ್ಪದೆ ಒಂದು ಒದ್ದೆ ಬಟ್ಟೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಕಷ್ಟಪಟ್ಟೇ ಓದಿದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅದರಲ್ಲಿ ಆ ಒದ್ದೆ ಬಟ್ಟೆಯ ಪಾಲೂ ಇದೆ.

ಆದರೆ ತಮಾಷೆ ನೋಡಿ! ಎಂ.ಎಸ್ಸಿ. ಮುಗಿಸಿದ ನನಗೆ ಸಿಕ್ಕ ಕೆಲಸ ಯಾವುದು? ಲ್ಯಾಬಿನಲ್ಲಿ ಜನರ ಉಗುಳು ಹಿಡಿಯುವುದು! ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದ್ದರೆ ಅದರ ಸುಳಿವು ಉಗುಳಿನ ಪ್ರೋಟೀನುಗಳಲ್ಲಿ ಸಿಗಬಹುದೇ ಎಂದು ಹುಡುಕುತ್ತಿದ್ದೆವು.

"ಬಾಯಿ ಕ್ಯಾನ್ಸರ್ರಾ?" ಎಂದಳು ಅತ್ತೆ.

"ಬಾಯೇ ಆಗ್ಬೇಕಿಲ್ಲ ಅತ್ತೆ, ಎದೇಲಿದ್ರೂ. ರಕ್ತದಲ್ಲಿರೋದು ಒಸಿ ಉಗುಳಿಗೂ ಇಳೀತದೆ."

"ಅಯ್ಯೋ ಮಗಾ, ಇದಕ್ಕಾ ಅಷ್ಟು ಓದಿದ್ದು!"

ಊರವರಿಗೆ ಈ ಅವಮಾನ ತಿಳಿಯಬಾರದಲ್ಲ? ಆಗ ಬಿಡದಿಯ ಕಡೆ ಸಾಲುಸಾಲು ಫ್ಯಾಕ್ಟರಿಗಳು ಏಳುತ್ತಿದ್ದವು. "ನಮ್ಮುಡ್ಗಿ ಬಿಡದೀಲಿ ಕಾರು ಮಾಡ್ತಾಳೆ" ಎಂದು ಸಾರಿಬಿಟ್ಟಳು. ಊರಿಗೆ ಹೋದರೆ ಪಕ್ಕದ ಮನೆಯವರು ಕೆಟ್ಟುನಿಂತ ಟ್ರ್ಯಾಕ್ಟರಿನ ಮುಂದೆ ನನ್ನನ್ನು ನಿಲ್ಲಿಸಿ, "ಒಸಿ ನೋಡವ್ವಾ" ಎಂದರು. ಟ್ರ್ಯಾಕ್ಟರಿಗೆ ಉಗುಳು ಅಂತ ಹೇಳಲೇ?

ಒಂದು ಬೆಳಿಗ್ಗೆ ರಾಮನಗರದ ನನ್ನ ರೂಮಿನ ಬಾಗಿಲಲ್ಲಿ ಅತ್ತೆ! ಕೈಯಲ್ಲಿ ಮುಚ್ಚಳದ ಲೋಟ, ಅದಕ್ಕೆ ಬಿಗಿಯಾಗಿ ಕಟ್ಟಿದ ಬಟ್ಟೆ.

"ತುಪ್ಪವಾ ಅತ್ತೆ?"

"ಉಗುಳು. ನಂದೇಯಾ."

ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ.

"ಎದೇಲೊಂದು ಗಂಟೈತೆ ಕಣವ್ವಾ. ಆಸ್ಪತ್ರೇಲಿ ಸೆರಗು ಸರ್ಸಕ್ಕೆ ನನ್ ಕೈಲಾಗಕಿಲ್ಲ. ಇದ್ರಲ್ಲೇ ನೋಡ್ಬುಡು."

ಲೋಟವನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟೆ.

"ನಾವಿನ್ನೂ ಹುಡುಕ್ತಾ ಇದ್ದೀವಿ ಅತ್ತೆ. ಉಗುಳು ನೋಡಿ ಐತೆ, ಇಲ್ಲ ಅನ್ನಕ್ಕಾಗಲ್ಲ. ಡಾಕ್ಟ್ರೇ ಮುಟ್ಟಿ ನೋಡ್ಬೇಕು."

"ಮತ್ತೆ ನೀನು ಓದಿದ್ದು ಯಾತಕ್ಕೆ?"

"ನಿನ್ನ ಕೈ ಹಿಡ್ಕಂಡು ಒಳಕ್ಕೆ ಬರಕ್ಕೆ. ನಡಿ."

ಗಂಟು ಕೆಟ್ಟದ್ದೇ. ಆದರೆ ಹರಡುವ ಮೊದಲೇ ಸಿಕ್ಕಿತು, ಡಾಕ್ಟರಮ್ಮ ತೆಗೆದರು. ಅತ್ತೆ ಇವತ್ತಿಗೂ ಗಟ್ಟಿಯಾಗಿದ್ದಾಳೆ. ಬೇಕಿದ್ದರೆ ಕಂಡಕ್ಟರನ್ನು ಕೇಳಿ!

ನನಗೆ ಮರೆಯಲಾಗದ್ದು ಮಾತ್ರ ಆಸ್ಪತ್ರೆಯ ಬೆಂಚು. ಒಳಗಿನಿಂದ ಅವಳ ಹೆಸರು ಕೂಗಿದರು. ತುಟಿ ಒಣಗಿತ್ತು, ಗಾಬರಿಯಲ್ಲಿ ಚೊಂಬನ್ನು ರೂಮಿನಲ್ಲೇ ಬಿಟ್ಟು ಬಂದಿದ್ದಳು. ನಾನು ಕಚ್ಚಿ ಕುಡಿದಿದ್ದ ಬಾಟಲಿಯನ್ನು ಕಸಿದುಕೊಂಡು, ಬಾಯಿಟ್ಟು ಗಟಗಟ ಕುಡಿದಳು. ಸೆರಗಿನಿಂದ ಬಾಟಲಿಯ ಬಾಯಿ ಒರೆಸಲು ಹೋದಳು.

"ಬುಡು ಅತ್ತೆ" ಎಂದು ಇಸಿದುಕೊಂಡೆ. ಉಳಿದ ನೀರು ನಾನು ಕುಡಿದೆ.