ನಾಗಲಿಂಗನ ಎರಡು ಬೆರಳು

ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದೇ ತಪ್ಪಾಯಿತು. ನೆಲ ಎರಡು ಬೆರಳು ಮೇಲೆ ಬಂತು, ಬಾಗಿಲು ಮಾತ್ರ ತನ್ನ ಹಳೆಯ ಉದ್ದ ಬಿಟ್ಟುಕೊಡಲು ಒಪ್ಪಲಿಲ್ಲ. ಅರ್ಧ ದಾರಿಗೆ ಬಂದು, ಹಟ ಹಿಡಿದ ಎಮ್ಮೆಯ ಹಾಗೆ ಕಾಲೂರಿ ನಿಂತುಬಿಡುತ್ತಿತ್ತು. ಮನೆಯಲ್ಲಿ ಇರುವುದು ನಾಗಲಿಂಗ, ಭುವನೇಶ್ವರಿ ಇಬ್ಬರೇ. ಒಳಗಿದ್ದವರು ಕೆಮ್ಮುತ್ತಿರಬೇಕು, ಹೊರಗಿದ್ದವರು ಆ ಕಡೆ ಸುಳಿಯಬಾರದು ಎಂಬ ಒಪ್ಪಂದದ ಮೇಲೆ ಮೂರು ವಾರ ಸಂಸಾರ ಸಾಗಿತ್ತು.

ಆದರೆ ಗುರುವಾರ ಸಂಜೆ ಐದಕ್ಕೆ ಇಳಕಲ್ಲಿನಿಂದ ಶಿವಲಿಂಗವ್ವ ಬರುವವಳಿದ್ದಳು. ಭುವನೇಶ್ವರಿಯ ಚಿಗವ್ವ, ಅಂದರೆ ಚಿಕ್ಕಮ್ಮ. ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವಳು. ಬಾದಾಮಿಯ ಈ ಮನೆಗೆ ಬರುತ್ತಿರುವುದು ಇದೇ ಮೊದಲು. “ಅಡಗಿಮನಿ ನೋಡಿದ್ರ ಹೆಂಗಸು ಗೊತ್ತಾಗತೈತಿ, ಬಚ್ಚಲ ನೋಡಿದ್ರ ಗಂಡಸು ಗೊತ್ತಾಗತಾನ” ಎನ್ನುವುದು ಆಕೆಯ ಸಿದ್ಧಾಂತ.

ಬಡಿಗ ಮೂರು ವಾರದಿಂದ “ನಾಳಿ ಬರ್ತೇನ್ರಿ” ಎನ್ನುತ್ತಿದ್ದ. ಕೊನೆಗೆ ನಾಗಲಿಂಗ ತಾಲೂಕು ಕಚೇರಿಗೆ ಆ ಗುರುವಾರದ ರಜೆ ಚೀಟಿ ಬರೆದುಕೊಟ್ಟು, ತಾನು ಆರು ತಿಂಗಳ ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದ ಕರೆಂಟಿನ ಗರಗಸವನ್ನು ಪೆಟ್ಟಿಗೆಯಿಂದ ಹೊರತೆಗೆದ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಅವನದೊಂದು ಕಾರ್ಖಾನೆ ಇತ್ತು. ಅಂದರೆ ಎರಡು ಸ್ಟೂಲು, ಒಂದು ಹಲಗೆ, ಒಂದು ಪ್ಲಗ್ಗು. ಇಲ್ಲಿಯವರೆಗೆ ಅದರಲ್ಲಿ ತಯಾರಾಗಿದ್ದು ಕನಸುಗಳು ಮಾತ್ರ.

“ನಾ ಗುಳೇದಗುಡ್ಡಕ್ಕ ಹೋಗಿ ಚಿಗವ್ವಗ ಒಂದ ಛಲೋ ಕುಪ್ಪಸದ ಖಣಾ ತರ್ತೇನಿ” ಎಂದಳು ಭುವನೇಶ್ವರಿ, ಚಪ್ಪಲಿ ಮೆಟ್ಟುತ್ತ. “ಎರಡ ಬೆರಳ ಕೊಯ್ದ್ರ ಸಾಕು, ಹೆಚ್ಚಿಗಿ ಕೊಯ್ಬ್ಯಾಡ್ರಿ. ಜ್ವಾಕಿ.”

ಅವಳು ಓಣಿ ದಾಟುವುದರೊಳಗೆ ನಾಗಲಿಂಗ ಬಾಗಿಲನ್ನು ತಿರುಪು ಬಿಚ್ಚಿ ಇಳಿಸಿ, ಹೊತ್ತು ತಂದು ಸ್ಟೂಲುಗಳ ಮೇಲೆ ಮಲಗಿಸಿದ. ಗೆರೆ ಎಳೆದ. ಗರಗಸ ಎತ್ತಿ ಗುಂಡಿ ಒತ್ತಿದ. ಝುಂಯ್ ಎಂದು ಅದು ಕೂಗಿದ್ದೇ ತಡ, ಪಕ್ಕದ ಗೋಡೆಯ ಮೇಲೆ ಒಂದು ಬಿಳಿ ಗಡ್ಡ ಮೂಡಿತು.

“ಬಂದ್ ಮಾಡೋ!”

ಸುಭಾನಸಾಬ. ನಲವತ್ತು ವರ್ಷ ಬಡಿಗತನ ಮಾಡಿ, ಹತ್ತೂ ಬೆರಳನ್ನು ಉಳಿಸಿಕೊಂಡು ನಿವೃತ್ತನಾದ ಮನುಷ್ಯ. ಮಂಡಿ ನೋವು ಬಂದ ಮೇಲೆ ಕೆಲಸ ಬಿಟ್ಟಿದ್ದ, ಉಪದೇಶ ಬಿಟ್ಟಿರಲಿಲ್ಲ. ಎರಡೇ ನಿಮಿಷದಲ್ಲಿ ಹಿತ್ತಲಿಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತ.

“ಲುಂಗಿ ಉಟ್ಕೊಂಡು ಗರಗಸಾ ಹಿಡೀತಿ ಏನ್ಲೇ? ಚಡ್ಡಿ ಹಾಕ್ಕೊಂಡ ಬಾ.”

ನಾಗಲಿಂಗ ಚಡ್ಡಿ ಹಾಕಿಕೊಂಡು ಬಂದ.

“ಕೊರಳಾಗಿನ ಶಿವದಾರ ಬನೀನಿನೊಳಗ ಹಾಕ್ಕೋ. ಜೋತಾಡೂದು ಒಂದೂ ಇರಬಾರ್ದು. ಉಂಗುರ ತಗಿ. ಕಣ್ಣಿಗಿ ಕನ್ನಡಕ ಎಲ್ಲಿ? ಮೂಗಿಗೆ ಅರಿವಿ?”

ನಾಗಲಿಂಗ ಪೆಟ್ಟಿಗೆ ತಡಕಿ ಕನ್ನಡಕ ತಂದ, ಮುಖಗವಸು ತಂದ, ಜಾಣತನ ತೋರಿಸಲು ದಪ್ಪನೆಯ ಕೈಗವಸೂ ಹಾಕಿಕೊಂಡ.

“ಅದನ್ನ ಮದ್ಲ ಬಿಚ್ಚು! ತಿರಗೂ ಹಲ್ಲಿಗೆ ಗವಸಿನ ಎಳಿ ಸಿಕ್ತಂದ್ರ ಅರಿವಿ ಜೋಡಿ ಕೈನೂ ಒಳಗ ಎಳ್ಕೋತೈತಿ.”

“ಚಾಚಾ, ಒಂಬತ್ತೂವರಿ ಆತು…”

“ಆಗ್ಲಿ. ಹೊತ್ತ ಹೋದ್ರ ಮತ್ತ ಬರ್ತೈತಿ, ಬೆರಳ ಹೋದ್ರ ಹೊಸಾವು ಬರೂದಿಲ್ಲ.”

ಬಾಗಿಲಿನಲ್ಲಿ ಮೊಳೆ ಇದೆಯೇ ಎಂದು ಸುಭಾನಸಾಬ ಬೆರಳಾಡಿಸಿ ನೋಡಿಸಿದ. ಒಂದು ಸಿಕ್ಕಿತು. ಅದನ್ನು ಕೀಳುವಷ್ಟರಲ್ಲಿ ಹತ್ತಾಯಿತು. ಹಲ್ಲಿನ ಚಕ್ರ ಬಿಗಿಯಾಗಿದೆಯೇ ಎಂದು ನಾಗಲಿಂಗ ಕೈ ಹಾಕಿದ್ದಕ್ಕೆ, ಪ್ಲಗ್ ಕಿತ್ತು ಬಾ ಎಂದು ಬೈದ. ಚಕ್ರದ ಮೇಲಿನ ಮುಚ್ಚಳ ತಾನಾಗಿಯೇ ಹಿಂದಕ್ಕೆ ಬಂದು ಬೀಳುತ್ತದೆಯೇ ಎಂದು ನಾಲ್ಕು ಸಲ ಎತ್ತಿ ಬಿಡಿಸಿದ. ವೈರನ್ನು ಹೆಗಲ ಹಿಂದಿನಿಂದ ತರಿಸಿದ. ಬಾಗಿಲನ್ನು ಎರಡು ಕ್ಲ್ಯಾಂಪು ಹಾಕಿ ಹಲಗೆಗೆ ಕಟ್ಟಿಸಿದ.

“ಅದರ ನೆಟ್ಟಗ ಹಿಂದ ನಿಂದ್ರಬ್ಯಾಡ, ಬಾಜೂಕ ನಿಂದ್ರು. ಹಲ್ಲು ಸಿಕ್ಕೊಂಡ್ತಂದ್ರ ಮಷೀನು ಹಿಂದಕ್ಕ ಜಿಗೀತೈತಿ, ಕತ್ತೆ ಒದ್ದಂಗ.”

ಎಲ್ಲವೂ ಮುಗಿದು ನಾಗಲಿಂಗ ಗುಂಡಿ ಒತ್ತಿದ. ಮಷೀನು ಉಸಿರೆತ್ತಲಿಲ್ಲ. ಕರೆಂಟು ಹೋಗಿತ್ತು.

ಮುಂದಿನ ಎರಡು ತಾಸು ಅವನು ಬಿಸಿ ಹಂಚಿನ ಮೇಲೆ ನಿಂತ ಬೆಕ್ಕಿನಂತೆ ಹಿತ್ತಲಿನಲ್ಲಿ ಓಡಾಡಿದ. ಪ್ಲಗ್ ಕಡೆ ಹೋದ, ಬಂದ. ಗಡಿಯಾರ ನೋಡಿದ. ಕರೆಂಟು ಬಂದಾಗ ಮಷೀನು ತಾನೇ ತಿರುಗಬಾರದೆಂದು ಸುಭಾನಸಾಬ ಪ್ಲಗ್ಗನ್ನು ಕಿತ್ತು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹನ್ನೆರಡು ಮುಕ್ಕಾಲಿಗೆ ಓಣಿಯಲ್ಲಿ ಹಿಟ್ಟಿನ ಗಿರಣಿ ಗುಡುಗಿತು. ಕರೆಂಟು ಬಂದಿತ್ತು. ಅದೇ ಹೊತ್ತಿಗೆ ಮಸೀದಿಯಿಂದ ಅಜಾನ್ ಕೂಡ ಕೇಳಿಸಿತು.

ಸುಭಾನಸಾಬ ಎದ್ದ. “ನಾ ನಮಾಜ್ ಮುಗಿಸಿ ಬರ್ತೇನಿ. ತಡೀಲಾಕ ಆಗ್ಲಿಲ್ಲಂದ್ರ ಒಂದ ಮಾತ ಕೇಳು. ಮುಂಬಾಗಲಾ ಚಿಲಕಾ ಹಾಕ್ಕೊ. ಹಲ್ಲು ತಿರಗೂ ಮುಂದ ಯಾರರೆ ಹಿಂದಿಂದ ಬಂದು ಬೆನ್ನ ಮುಟ್ಟಿದ್ರಂದ್ರ ಮುಗೀತು. ಕಿವ್ಯಾಗ ಹತ್ತಿ ಇಟ್ಕೊ.”

ನಾಗಲಿಂಗ ಚಿಲಕ ಹಾಕಿದ. ಕಿವಿಗೆ ಹತ್ತಿ ತುರುಕಿದ. ಹೇಳಿದ್ದನ್ನೆಲ್ಲ ಮಂತ್ರದಂತೆ ಒಂದೊಂದಾಗಿ ನೆನೆದು ಮಾಡಿದ. ಗರಗಸ ಮರದೊಳಗೆ ಇಳಿಯಿತು, ನೆಟ್ಟಗೆ ಸಾಗಿತು, ಆ ತುದಿಯಲ್ಲಿ ಹೊರಬಂತು. ಎರಡು ಬೆರಳು ಅಗಲದ ಪಟ್ಟಿ ಟಪ್ಪನೆ ಬಿತ್ತು. ಒಂದು ಗೀರೂ ಆಗಲಿಲ್ಲ. ನಾಗಲಿಂಗನಿಗೆ ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಎನಿಸಿತು. ಹತ್ತಿ ಕಿತ್ತು ಭುವನೇಶ್ವರಿಗೆ ಫೋನ್ ಮಾಡಿದ.

ಭುವನೇಶ್ವರಿ ಗುಳೇದಗುಡ್ಡದ ಒಂದು ನೇಕಾರರ ಮನೆಯಲ್ಲಿ, ನಾಲ್ಕು ಮಗ್ಗಗಳ ಖಟಪಟದ ನಡುವೆ ಖಣ ಆರಿಸುತ್ತಿದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ. ಅದಕ್ಕೇ ನಾಗಲಿಂಗ ಕೂಗಿದ. ಗೋಡೆಯಾಚೆ ಮೆಣಸಿನಕಾಯಿ ಒಣಹಾಕುತ್ತಿದ್ದ ಸುಭಾನಸಾಬನ ಹೆಂಡತಿ ಕಾಸಿಂಬಿಗೆ ಎಲ್ಲವೂ ಕೇಳಿಸಿತು.

“ಕೊಯ್ದೇ! ಎರಡ ಬೆರಳ ಕೊಯ್ದೇ!… ಹೂಂ, ಎರಡೂ!… ಇಲ್ಲ, ಏನೂ ತ್ರಾಸ ಆಗ್ಲಿಲ್ಲ, ಬೆಣ್ಣಿ ಕೊಯ್ದಂಗ ಹೋತು!… ತುಂಡ? ತುಂಡ ನೀರಿನ ಒಲಿಗೆ ಹಾಕ್ತೇನಿ, ಚಿಗವ್ವಗ ನೀರ ಕಾಯ್ತಾವು!… ಇನ್ನೊಂದ ಅರ್ಧ ಬೆರಳ ಕೊಯ್ದ್ರ ಛಲೋ ಅನಸ್ತೈತಿ. ಈಗ ಕೊಯ್ತೇನಿ, ಇಡು!”

ಕಾಸಿಂಬಿಯ ಕೈಯಿಂದ ಮೆಣಸಿನಕಾಯಿಯ ಮೊರ ಜಾರಿತು. ತಕ್ಷಣ ಭುವನೇಶ್ವರಿಗೆ ಫೋನ್ ಹಚ್ಚಿದಳು.

“ಭುವನಾ, ನಿನ್ನ ಗಂಡ ಎರಡ ಬೆರಳ ಕೊಯ್ದಾನವ್ವಾ!”

“ಗೊತ್ತೈತಿ ಚಾಚಿ!” ಮಗ್ಗಗಳ ಸದ್ದಿನೊಳಗಿಂದ ನಗುವ ದನಿ ಬಂತು. “ನಾನ ಹೇಳೇನಿ ಕೊಯ್ಯಾಕ! ಮೂರ ವಾರಾತು ಗಂಟ ಬಿದ್ದು!”

ಕಾಸಿಂಬಿ “ಯಾ ಅಲ್ಲಾ” ಎಂದು ಓಣಿಗೆ ಓಡಿದಳು. ಮೂಲೆಯ ಸೋಡಾ ಅಂಗಡಿಯ ಮಾಳಪ್ಪನಿಗೆ ಸುದ್ದಿ ಮುಟ್ಟಿತು. ಮಾಳಪ್ಪ ಮೊಬೈಲಿನಲ್ಲಿ ವೈದ್ಯಕೀಯ ವಿಡಿಯೋಗಳನ್ನು ವಿಪರೀತ ನೋಡುವವನು. ಅರ್ಧ ಬಕೆಟ್ ಐಸು ತುಂಬಿಕೊಂಡು ಜಿಗಿದ.

“ತುಂಡ ಐಸಿನ್ಯಾಗ ಇಟ್ರ ಆರ ತಾಸಿನೊಳಗ ಹಚ್ಚಬಹುದು! ಒಲ್ಯಾಗ ಹಾಕಾಕ ಬಿಡಬ್ಯಾಡ್ರಿ!”

ಹತ್ತು ಜನ ಮುಂಬಾಗಿಲು ಬಡಿದರು. ನಾಗಲಿಂಗ ಮತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಅರ್ಧ ಬೆರಳಿನ ಗೆರೆ ಹಿಡಿದಿದ್ದ. ಒಳಗಿನಿಂದ ಝುಂಯ್ ಎಂಬ ಸದ್ದು ಬಂದಾಗ ಕಾಸಿಂಬಿ ಕಿರುಚಿದಳು: “ಮೂರನೇದ್ದು ಹೋತು!”

ಹಾರೆಯ ಎರಡನೇ ಏಟಿಗೆ ಚಿಲಕ ಕಿತ್ತು ಬಂತು, ಚೌಕಟ್ಟಿನ ಒಂದು ಚೂರನ್ನೂ ಕರೆದುಕೊಂಡು. ಜನ ಹಿತ್ತಲಿಗೆ ನುಗ್ಗಿದರು. ಅದೃಷ್ಟಕ್ಕೆ ಮುಂದಿದ್ದದ್ದು ಬಡಿಗನ ಹೆಂಡತಿ ಕಾಸಿಂಬಿ. ಅವಳು ನಾಗಲಿಂಗನನ್ನು ಮುಟ್ಟಲಿಲ್ಲ, ಎಲ್ಲರನ್ನೂ ಎರಡೂ ತೋಳಿನಿಂದ ಹಿಂದಕ್ಕೆ ತಡೆದು, ಹೋಗಿ ಪ್ಲಗ್ ಕಿತ್ತಳು.

ಮತ್ತೆ ಕರೆಂಟು ಹೋಯಿತೆಂದುಕೊಂಡು ನಾಗಲಿಂಗ ತಿರುಗಿ ನೋಡಿದ. ಅರ್ಧ ಓಣಿ ಅವನ ಹಿತ್ತಲಿನಲ್ಲಿ ನಿಂತಿತ್ತು. ಅವನು ಬಾಯಿ ತೆರೆಯುವ ಮೊದಲೇ ಮಾಳಪ್ಪ ಅವನ ಎರಡೂ ಕೈಗಳನ್ನು ಐಸು ತುಂಬಿದ ಟವಲಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿ ಬಿಗಿದು ಕಟ್ಟಿದ.

“ಯಾರೂ ನೋಡಬ್ಯಾಡ್ರಿ, ಚಕ್ಕರ್ ಬರ್ತೈತಿ!”

ಮುಖಗವಸಿನ ಒಳಗಿಂದ ನಾಗಲಿಂಗ “ಬಾಗಲಾ! ಬಾಗಲಾ!” ಎಂದು ಒದರಿದ.

“ಆಗಲೇ ಬಾಯಿ ಬಡಬಡಸಾಕ ಹತ್ಯಾನ” ಎಂದಳು ಕಾಸಿಂಬಿ, ಕಣ್ಣೊರೆಸಿಕೊಳ್ಳುತ್ತ.

ನಾಲ್ವರು ಅವನನ್ನು ಎತ್ತಿ ಆಟೋದಲ್ಲಿ ತುರುಕಿದರು. ಇನ್ನಿಬ್ಬರು ಮರದ ಹೊಟ್ಟನ್ನು ಜರಡಿ ಹಿಡಿದು ಬೆರಳು ಹುಡುಕಿದರು. ಮತ್ತೊಬ್ಬ, ಶಿವಲಿಂಗವ್ವನಿಗಾಗಿ ಹೊತ್ತಿಸಿಟ್ಟಿದ್ದ ಒಲೆಗೆ ಎರಡು ಕೊಡ ನೀರು ಸುರಿದು, ಬೂದಿ ಕೆದಕಿದ. ಅವನಿಗೆ ಸಿಕ್ಕಿದ್ದು ಒಂದು ಸುಟ್ಟ ಬದನೆಕಾಯಿ ತೊಟ್ಟು. ಅದನ್ನೂ ಭಕ್ತಿಯಿಂದ ಐಸಿನಲ್ಲಿ ಇಟ್ಟು ಹಿಂದಿನ ಬೈಕಿನಲ್ಲಿ ಕಳಿಸಿದರು.

ದವಾಖಾನೆಯಲ್ಲಿ ಡಾಕ್ಟರಮ್ಮ ಚೀಲ ಬಿಚ್ಚಿದರು, ಟವಲು ಬಿಚ್ಚಿದರು. ಎಣಿಸಿದರು. ನೀಲಿಗಟ್ಟಿದ್ದವು, ಆದರೆ ಹತ್ತೂ ಇದ್ದವು. ಆಮೇಲೆ ಬದನೆಕಾಯಿ ತೊಟ್ಟನ್ನು ನೋಡಿದರು. ಆಮೇಲೆ ಮಾಳಪ್ಪನ ಮುಖ ನೋಡಿದರು.

“ಇದನ್ನ ಎಲ್ಲಿ ಹಚ್ಚಬೇಕ್ರಿ?” ಎಂದರು.

ನಾಗಲಿಂಗ ಬೆರಳು ಉಜ್ಜಿಕೊಳ್ಳುತ್ತ ಮನೆಗೆ ಮರಳುವಾಗ ನಾಲ್ಕಾಗಿತ್ತು. ಮುಂಬಾಗಿಲು ಗಾಳಿಗೆ ತಲೆಯಾಡಿಸುತ್ತಿತ್ತು. ಬಾಗಿಲಲ್ಲಿ ಭುವನೇಶ್ವರಿ ಖಣದ ಪೊಟ್ಟಣ ಹಿಡಿದು ಅಳುವ ಮುಖದಲ್ಲಿ ನಿಂತಿದ್ದಳು. ಓಣಿಯ ಹೆಂಗಸರು ಅವಳನ್ನು ಕಟುಕಿಯನ್ನು ನೋಡುವಂತೆ ನೋಡುತ್ತಿದ್ದರು. ಬೆರಳು ಎಂದರೆ ಯಾವ ಬೆರಳು ಎಂದು ನಾಗಲಿಂಗ ಬಿಡಿಸಿ ಹೇಳಿದ ಮೇಲೆ ಓಣಿ ಹೊಟ್ಟೆ ಹಿಡಿದು ನಕ್ಕಿತು. ನಗದೆ ನಿಂತವಳು ಕಾಸಿಂಬಿ ಒಬ್ಬಳೇ.

“ನಾ ಕಿವ್ಯಾರೆ ಕೇಳೇನಿ” ಎಂದು ಮುಖ ಊದಿಸಿಕೊಂಡಳು. “ಬಾಗಲಾ ಅನ್ನೂ ಶಬ್ದ ಒಮ್ಮಿನೂ ಬರ್ಲಿಲ್ಲ.”

ಸುಭಾನಸಾಬ ಅಷ್ಟರಲ್ಲಿ ಉಳಿದ ಅರ್ಧ ಬೆರಳನ್ನು ತಾನೇ ಕೊಯ್ದು, ಬಾಗಿಲನ್ನು ಬಚ್ಚಲಿಗೆ ಹಚ್ಚಿಸಿದ್ದ. ನಾಗಲಿಂಗ ಒಂದು ಬೆರಳಿನಿಂದ ದೂಡಿದ. ಬಾಗಿಲು ಸದ್ದಿಲ್ಲದೆ ಹೋಗಿ ಚೌಕಟ್ಟಿಗೆ ಕೂಡಿಕೊಂಡಿತು. ತೆಗೆದ, ಮತ್ತೆ ಹಾಕಿದ. ಬೆಳಗಿನಿಂದ ಮೊದಲ ಸಲ ಅವನು ಕುರ್ಚಿಯ ಮೇಲೆ ಪೂರ್ತಿ ಬೆನ್ನು ಊರಿ ಕುಳಿತ. ಮುಂಬಾಗಿಲಿಗೆ ಸದ್ಯಕ್ಕೆ ಹಗ್ಗ ಕಟ್ಟಿದರಾಯಿತು.

ಐದಕ್ಕೆ ಸರಿಯಾಗಿ ಆಟೋ ನಿಂತಿತು. ಶಿವಲಿಂಗವ್ವ ಇಳಿದವಳು ಭುವನೇಶ್ವರಿಯ ಕಡೆ ನೋಡಲಿಲ್ಲ, ಬಚ್ಚಲ ಎಲ್ಲಿ ಎಂದು ಕೇಳಲಿಲ್ಲ. ನೆಟ್ಟಗೆ ಬಂದು ನಾಗಲಿಂಗನ ಎರಡೂ ಕೈ ಹಿಡಿದು, ಒಂದೊಂದೇ ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಆಕೆಯ ಕಣ್ಣಿನಿಂದ ನೀರು ಹರಿಯುತ್ತಿತ್ತು.

“ಅತ್ತಿ, ಏನೂ ಆಗಿಲ್ರಿ” ಎಂದ ನಾಗಲಿಂಗ ಗಾಬರಿಯಾಗಿ. “ನಿಮಗ ಯಾರ ಹೇಳಿದ್ರು?”

“ಬಸ್ಸು ಅಮೀನಗಡ ದಾಟಿತ್ತಪ್ಪಾ. ಎಷ್ಟ ಹೊತ್ತಿಗೆ ಮುಟ್ಟತೇನಿ ಅಂತ ಹೇಳಾಕ ನಿಮಗ ಫೋನ್ ಹಚ್ಚಿದೆ. ನಿಮ್ಮ ಫೋನ್ ಹಿತ್ತಲದಾಗ ಬಿದ್ದಿತ್ತಂತ, ಕಾಸಿಂಬಿ ಅನ್ನಾಕಿ ಎತ್ತಿದ್ಲು. ಎರಡ ಬೆರಳ ಹೋದ್ವು, ದವಾಖಾನಿಗೆ ಒಯ್ದಾರ ಅಂದ್ಲು. ನನ್ನ ಜೀವ ನನ್ನ ಕೈಯಾಗ ಇಲ್ಲ. ಬಸ್ಸಿನ್ಯಾಗ ಕುಂತಲ್ಲೇ ಬನಶಂಕರಿ ದಿಕ್ಕಿಗಿ ಸೆರಗೊಡ್ಡಿದೆ. ಅವ್ವಾ, ನನ್ನ ಅಳಿಯನ ಬೆರಳ ಕೂಡಸ, ಬಾದಾಮಿಂದ ನಿನ್ನ ಗುಡಿತನಕ ಅವನ ಕಡಿಂದ ದೀಡನಮಸ್ಕಾರ ಹಾಕಸ್ತೇನಿ ಅಂತ ಬೇಡಿಕೊಂಡೆ.”

ನಾಗಲಿಂಗ ಕುರ್ಚಿಯಿಂದ ಎದ್ದ. ಬಾದಾಮಿಯಿಂದ ಚೊಳಚಗುಡ್ಡದ ಬನಶಂಕರಿ ಗುಡಿಗೆ ಐದು ಕಿಲೋಮೀಟರು. ನೆಲದ ಮೇಲೆ ಉದ್ದಕ್ಕೆ ಮಲಗಿ, ಎದ್ದು, ಕೈ ತಾಕಿದಲ್ಲಿ ನಿಂತು, ಮತ್ತೆ ಮಲಗುತ್ತ ಹೋಗಬೇಕು.

“ಅತ್ತಿ, ಬೆರಳ ಹೋಗೇ ಇಲ್ರಿ! ಹೋಗಿದ್ದು ಬಾಗಲದ್ದು. ಇವ್ರ ತಪ್ಪ ತಿಳ್ಕೊಂಡಾರ!”

ಶಿವಲಿಂಗವ್ವ ಕಣ್ಣೊರೆಸಿಕೊಂಡು ಮುಗುಳ್ನಕ್ಕಳು. “ಅದಕ್ಕ ಆಕಿನ್ನ ತಾಯಿ ಅನ್ನೂದು. ಕೂಗಿದ್ದು ಅಮೀನಗಡದಾಗ, ಇಲ್ಲಿ ಕೂಡಿ ಬಿಟ್ಟಾವ. ಒಂದ ಕಲೆ ಸುದ್ದಾ ಇಲ್ಲ. ಹೋಗಿದ್ದು ನಿಮಗ ನೆನಪ ಸುದ್ದಾ ಇಲ್ಲ!”

“ಖರೆ ಅವ್ವಾರ!” ಎಂದು ಕಾಸಿಂಬಿ ಮುಂದೆ ಬಂದಳು. ಮಧ್ಯಾಹ್ನದಿಂದ ಬಾಡಿದ್ದ ಅವಳ ಮುಖ ಅರಳಿತ್ತು. “ಕೊಯ್ದೇ ಅಂತ ಇವ್ರ ಬಾಯಿಲೇ ಕೇಳೇನಿ. ಈಗ ನೋಡಿದ್ರ ಹತ್ತೂ ಅದಾವ!”

“ಟವಲಿನ್ಯಾಗ ಕಟ್ಟೂ ಮುಂದ ನಾನೂ ಎಣಿಸಿರ್ಲಿಲ್ಲ ಬಿಡ್ರಿ” ಎಂದ ಮಾಳಪ್ಪ, ಕೆನ್ನೆ ಬಡಿದುಕೊಂಡು.

ನಾಗಲಿಂಗ ದಿಕ್ಕುಗಾಣದೆ ಹೆಂಡತಿಯ ಕಡೆ ತಿರುಗಿದ. ಭುವನೇಶ್ವರಿ ಚಿಗವ್ವನ ಮುಖ ನೋಡಿದಳು, ಓಣಿಯವರ ಮುಖ ನೋಡಿದಳು, ಕೊನೆಗೆ ಗಂಡನನ್ನು ನೋಡಿ ತಲೆ ತಗ್ಗಿಸಿದಳು.

“ಹರಕಿ ಹೊತ್ತಿದ್ದಾತು. ಇಲ್ಲಾ ಅನಬಾರದ್ರಿ” ಎಂದಳು ಮೆಲ್ಲಗೆ. “ನಾಳೆ ಹೆಂಗಿದ್ರೂ ಶುಕ್ರವಾರ ಐತಿ.”

ಓಣಿಗೆ ಓಣಿಯೇ ಹೌದೆಂದಿತು. ನಾಗಲಿಂಗ ಮತ್ತೆ ಕುರ್ಚಿಯಲ್ಲಿ ಕುಸಿದ. ಐದು ಕಿಲೋಮೀಟರು, ಹಾಳಾಗಿ ಹೋಗಲಿ, ಒಂದು ದಿನದ ಮಾತು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಶಿವಲಿಂಗವ್ವ ಅವನ ತಲೆಯ ಮೇಲೆ ಕೈಯಿಟ್ಟು ನೇವರಿಸಿದಳು.

“ಒಂದ ಬೆರಳಿನ ಹರಕಿ ನಾಳೆ ಮುಗಿಸೂಣಪ್ಪಾ” ಎಂದಳು. “ಎರಡನೇ ಬೆರಳಿಂದು ಮುಂದಿನ ಶುಕ್ರವಾರ.”