ಭಾಮೈದನ ತಣ್ಣನೆ ಕೋಣೆ

ಭಾಮೈದನಿಗೆ ನಮಗಿಂತ ಒಳ್ಳೆ ಕುರ್ಚಿ ಸಿಕ್ಕಿದರೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಆದದ್ದು ತೊಂಬತ್ತರ ದಶಕದಲ್ಲಿ.

ತಾಳವಾಡಿಯ ಅಂಚಿನಲ್ಲಿ ಪಂಪಿನ ಹೌಸಿಂಗ್, ಅಂದರೆ ಹೊರಕವಚ, ಕೊರೆಯುವ ಕಾರ್ಖಾನೆ. ಅಲ್ಲಿ ಹದಿನೆಂಟು ವರ್ಷ ವರ್ನಿಯರ್ ಹಿಡಿದು ಅಳೆದವನು ನಾನು. ಆಮೇಲೆ ಮುದಲಾಳಿ, ಅಂದರೆ ನಮ್ಮ ತಮಿಳು ಮಾಲೀಕರು, ಒಂದು ಅಳತೆ ಯಂತ್ರ ತಂದರು. ಕಲ್ಲಿನ ಮೇಜು, ತುದಿಗೆ ಕೆಂಪು ಗುಂಡಿರುವ ಸೂಜಿ, ಪಕ್ಕದಲ್ಲಿ ಕಂಪ್ಯೂಟರು. ಗಿರಾಕಿ ಫ್ಲಾಪಿಯಲ್ಲಿ ಮಾದರಿಯ ಚಿತ್ರ ಕಳಿಸುತ್ತಾನೆ. ಸೂಜಿ ಮುಟ್ಟಿದ್ದನ್ನು ಕಂಪ್ಯೂಟರು ಅದರೊಂದಿಗೆ ತಾಳೆ ನೋಡುತ್ತದೆ. ಇದಕ್ಕೆಲ್ಲ ಇಪ್ಪತ್ತು ಡಿಗ್ರಿ ತಂಪು ಬೇಕಂತೆ.

"ಈ ಬೆಟ್ಟದಲ್ಲಿ ಏಸಿ ಎದುಕ್ಕು, ಯಾಕೆ ಬೇಕು?" ಎಂದು ಮುದಲಾಳಿ ಯಂತ್ರದ ಕೋಣೆಯ ಕಿಟಕಿಗೆ ಜಾಲರಿ ಹೊಡೆಸಿದರು.

ಒಳಗೆ ಕೂತವನು ನನ್ನ ಹೆಂಡತಿಯ ತಮ್ಮ. ಗೆಟ್ಟವಾಡಿಯವನು. ಕೊಯಮತ್ತೂರಿನಲ್ಲಿ ಮೂರು ತಿಂಗಳು ಕಂಪ್ಯೂಟರು ಕಲಿತಿದ್ದ. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ನಾನು ಬಿಡಲಿಲ್ಲ. ಬಾಗಿಲಲ್ಲೇ ನಿಲ್ಲುತ್ತಿದ್ದೆ.

ಆಯುಧಪೂಜೆಯ ದಿನ ಕೋಣೆಯ ಬೀಗದಕೈ ಒಬ್ಬನಿಗೆ ಕೊಡುವುದಾಗಿ ಮುದಲಾಳಿ ಹೇಳಿದ್ದರು. ಅಳತೆಗೆಲ್ಲ ಅವನೇ ಯಜಮಾನ. ನನಗೆ ಯಂತ್ರ ಬೇಕಿರಲಿಲ್ಲ. ಬೀಗದಕೈ ಬೇಕಿತ್ತು.

ಚುಕ್ಕೆ

ಭಾಮೈದ ಮೊದಲ ಫ್ಲಾಪಿ ಹಾಕಿದ. ಪರದೆಯಲ್ಲಿ ಏನೂ ಇಲ್ಲ. ಆರಿಸಿದ, ಹಚ್ಚಿದ. ಆಗಲೂ ಇಲ್ಲ.

"ಮಧ್ಯದಲ್ಲಿ ಅದೇನ್ಲಾ ಚುಕ್ಕೆ?" ಎಂದೆ.

"ಕೊಳೆ ಕಣ್ ಭಾವ." ಬಟ್ಟೆ ತಗೊಂಡು ಒರೆಸಿದ. ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದ.

ಮಧ್ಯಾಹ್ನ ಗೊತ್ತಾಯಿತು. ಗಿರಾಕಿಯದು ಇಂಚಿನ ಲೆಕ್ಕ. ನಮ್ಮ ಯಂತ್ರ ಹನ್ನೆರಡು ಇಂಚನ್ನು ಹನ್ನೆರಡು ಮಿಲಿಮೀಟರ್ ಎಂದುಕೊಂಡಿತ್ತು. ಆ ಚುಕ್ಕೆಯೇ ನಮ್ಮ ಹೌಸಿಂಗು.

ಇದನ್ನು ಹೇಳೋಣವೆಂದು ಮುದಲಾಳಿಯನ್ನು ಕರೆತಂದೆ. ಅವರು ಒರೆಸಿ ಹೊಳೆಯುತ್ತಿದ್ದ ಪರದೆ ನೋಡಿದರು. "ಪರವಾಯಿಲ್ಲಯೇ! ಎಷ್ಟು ಚೊಕ್ಕವಾಗಿ ಇಟ್ಟಿದ್ದಾನೆ" ಎಂದರು.

ಮುಖ

ಇನ್ನೊಂದು ಸಲ ಯಂತ್ರ ಎಲ್ಲ ತೂತನ್ನೂ ಕಿರಿದೆಂದಿತು. ನನ್ನ ವರ್ನಿಯರ್ ಸರಿ ಎಂದಿತು. ನಾನು ಎರಡು ದಿನ ಎದೆ ಸೆಟೆಸಿ ಓಡಾಡಿದೆ.

ಮೂರನೇ ದಿನ ಭಾಮೈದ ಕಂಡುಹಿಡಿದುಬಿಟ್ಟ. "ಮಾದರೀಲಿ ತೂತಿನ ಮುಖ ತಿರುಗ್ಬುಟ್ಟಿತ್ತು ಭಾವ. ಕಬ್ಬಿಣ ಯಾವ ಕಡೀಕದೆ ಅಂತ ಸೂಜಿಗೆ ತಿಳೀನಿಲ್ಲ, ತುದಿ ಗುಂಡಿನ ದಪ್ಪ ಕೂಡೋ ಬದ್ಲು ಕಳೆದ್ಬುಟ್ಟದೆ. ಮುಖ ತಿರುಗಿಸ್ದೆ, ಸರಿಯಾಯ್ತು."

ಸಂಜೆ ಮನೆಗೆ ಹೋದರೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಹೆಂಡತಿ ಕಾಫಿ ಕೊಟ್ಟಳು.

"ಮುಖ ತಿರುಗ್ಸಕ್ಕೆ ನನ್ ತಮ್ಮ ಮೂರು ತಿಂಗ್ಳು ಕಲ್ತ. ನೀವು ಅವನ್ನ ಕಂಡ್ರೆ ಸಾಕು, ಕಲೀದೆನೇ ತಿರುಗಿಸ್ತೀರಿ."

ಇಂದೆ

ಆಯುಧಪೂಜೆಗೆ ನಾಲ್ಕು ದಿನ. ಮೈಸೂರಿನ ಗಿರಾಕಿಯ ಹನ್ನೆರಡು ಹೌಸಿಂಗ್ ಸಿದ್ಧವಾಗಿದ್ದವು. ಮಾದರಿಗೆ ಒಂದೂ ಹೊಂದಲಿಲ್ಲ. ಭಾಮೈದ ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದ.

ನಾನು ಬಾಗಿಲಲ್ಲಿ ಪರದೆಗೆ ಬೆನ್ನು ಹಾಕಿ, ಕೈಗನ್ನಡಿ ಹಿಡಿದು ತಲೆ ಬಾಚುವವನಂತೆ ನಿಂತೆ. ಕನ್ನಡಿಯೊಳಗೆ ಪರದೆಯ ಹೌಸಿಂಗ್ ಸರಿಯಾಗಿ ಕಂಡಿತು. ಫ್ಲಾಪಿಯಲ್ಲಿ ಎಡಬಲ ಅದಲುಬದಲಾಗಿತ್ತು.

ಭಾಮೈದನಿಗೆ ಹೇಳಲಿಲ್ಲ. ಯಾಕೆ ಹೇಳಲಿ? ನೇರ ಆಫೀಸಿಗೆ ಹೋಗಿ ಮೈಸೂರಿಗೆ ಫೋನು ಹಚ್ಚಿದೆ. ಅಲ್ಲಿಯ ಗುಮಾಸ್ತ ಎತ್ತಿದ. ಲೈನಿನಲ್ಲಿ ಗೊರಗೊರ.

"ಫ್ಲಾಪಿ ತಪ್ಪು. ಇಂದೆ ಕಳಿಸ್ತೀನಿ" ಎಂದೆ.

"ಏನು? ಇಂದೇ ಕಳಿಸ್ತೀರಾ?"

"ಇಂದೆ."

"ಬಹಳ ಸಂತೋಷ ಸ್ವಾಮಿ!" ಇಟ್ಟುಬಿಟ್ಟ.

ನಮ್ಮ ಕಡೆ ಹಕಾರ ಬಾಯಿಂದ ಹೊರಗೆ ಬರುವುದಿಲ್ಲ. ನಾನು ಫ್ಲಾಪಿ ಹಿಂದೆ ಕಳಿಸುತ್ತೇನೆ ಎಂದದ್ದು. ಅವನಿಗೆ ಕೇಳಿಸಿದ್ದು, ಮಾಲು ಇವತ್ತೇ ಬರುತ್ತದೆ ಎಂದು. ಮಧ್ಯಾಹ್ನಕ್ಕೆ ಮುದಲಾಳಿ ಓಡಿಬಂದರು. "ಲಾರಿ ಹೊರಟಿದೆಯಂತೆ! ಇವತ್ತೇ ಕೊಡ್ತೀವಿ ಅಂತ ಯಾರು ಹೇಳಿದ್ದು?"

ಭಾಮೈದ ನನ್ನ ಕಡೆ ನೋಡಿದ. ನಾನು ವರ್ನಿಯರ್ ಎತ್ತಿಕೊಂಡೆ. ಫ್ಲಾಪಿಯ ಜೊತೆ ಬಂದಿದ್ದ ಕಾಗದದ ನಕ್ಷೆ ಸರಿಯಿತ್ತು. ಅದನ್ನು ಹರಡಿಕೊಂಡು, ಊಟ ಬಿಟ್ಟು, ಹನ್ನೆರಡನ್ನೂ ಕೈಯಲ್ಲೇ ಅಳೆದೆ. ಲಾರಿ ಬಂದಾಗ ಕೊನೆಯದಕ್ಕೆ ಗುರುತು ಹಾಕುತ್ತಿದ್ದೆ. ಗಿರಾಕಿ ಒಂದನ್ನೂ ತಿರಸ್ಕರಿಸಲಿಲ್ಲ.

ಆಯುಧಪೂಜೆ. ನಾನು ಬಿಳಿ ಅಂಗಿ ಹಾಕಿಕೊಂಡು ಹೋದೆ. ಮುದಲಾಳಿ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. "ಇಂದೇ ಅಂದ, ಇಂದೇ ಕಳಿಸಿದ. ಇಂಥ ಮನುಷ್ಯ ಎಲ್ಲಿ ಸಿಗ್ತಾನೆ?"

ನಾನು ಕೈ ಚಾಚಿದೆ.

"ಕೋಣೆ ಇಲ್ಲದೇ ಅಳೀತಾನೆ. ಇವನಿಗೆ ಕೋಣೆ ಎದುಕ್ಕು?" ಎಂದು ಬೀಗದಕೈಯನ್ನು ಭಾಮೈದನಿಗೆ ಕೊಟ್ಟರು. ಚಾಚಿದ ನನ್ನ ಕೈಗೆ ಪೂಜೆಯ ಕಡಲೆಪುರಿ ಹಾಕಿದರು.

ಭಾಮೈದ ಬೀಗ ತೆಗೆದ. ಒಳ್ಳೆಯವನೇ, ನನ್ನನ್ನು ಬಿಟ್ಟು ಹೋಗಲಿಲ್ಲ. ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

"ಚಪ್ಲಿ ಬುಟ್ಟು, ಇಂದೆ ಬನ್ನಿ ಭಾವ" ಎಂದ.

ಇವತ್ತೇ ಬನ್ನಿ ಎಂದಲ್ಲ ಅವನು ಹೇಳಿದ್ದು.