ಎಚ್ಚರಕ್ಕೆ ಹದಿನೈದು ಅಂಕ

ತಲೆಗೆ ಪೆಟ್ಟು ಬಿದ್ದವರಿಗೆ ಎಷ್ಟು ಎಚ್ಚರವಿದೆ ಎಂದು ನೋಡಲು ನಮ್ಮಲ್ಲೊಂದು ಪರೀಕ್ಷೆಯಿದೆ. ಕಣ್ಣು, ಮಾತು, ಕೈಕಾಲಿನ ಚಲನೆ ಸೇರಿ ಹದಿನೈದು ಅಂಕ. ಏನೂ ಮಾಡದೆ ಮಲಗಿದವರಿಗೂ ಮೂರು ಅಂಕ ಸಿಕ್ಕೇ ಸಿಗುತ್ತದೆ. ಇಂಥ ಉದಾರ ಪರೀಕ್ಷೆ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ತೊಂಬತ್ತರ ದಶಕದಲ್ಲಿ ಕೂಡ್ಲಿಗಿ, ಹರಪನಹಳ್ಳಿ ಕಡೆ ಡಾಕ್ಟರಾಗಿದ್ದಾಗ, ಪರೀಕ್ಷೆಗೆ ಕೂತವರಿಗಿಂತ ಹೆಚ್ಚು ತಬ್ಬಿಬ್ಬಾದವನು ನಾನೇ.

ಇವತ್ತು ಯಾವ ವಾರ?

ಕೂಡ್ಲಿಗಿಯಲ್ಲಿ ಸೈಕಲ್ಲಿನಿಂದ ಬಿದ್ದ ಅಜ್ಜನೊಬ್ಬನನ್ನು ಕೇಳಿದೆ.

"ಸಂತಿ," ಎಂದ.

"ನಾಳೆ?"

"ಸಂತಿ ಮರುದಿನ."

ಗೊಂದಲದಲ್ಲಿದ್ದಾನೆ ಎಂದು ಒಂದು ಅಂಕ ಕಳೆದೆ. "ಸರಿಯಾಗೇ ಹೇಳ್ಯಾನಲ್ರಿ," ಎಂದಳು ಮಗಳು. ಬಿಡದೆ ಕೇಳಿದೆ, "ಹಾಗಾದರೆ ನಿನ್ನೆ ಏನಿತ್ತು?"

"ಏನೂ ಇರಲಿಲ್ರಿ. ಅದಕ್ಕ ಮನ್ಯಾಗ ಇದ್ದೆ."

ಯಾವ ಜಿಲ್ಲೆ?

ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದ ಹೊಸತು. ಉಚ್ಚಂಗಿದುರ್ಗದ ಮೆಟ್ಟಿಲಲ್ಲಿ ಜಾರಿ ಬಿದ್ದ ಯಜಮಾನರೊಬ್ಬರು ನನ್ನ ಪ್ರಶ್ನೆಗೆ "ಬಳ್ಳಾರಿ" ಎಂದರು. ತಪ್ಪು ಎಂದೆ. ಪಕ್ಕದ ಮಂಚದವರನ್ನು ಕೇಳಿದರೆ ಅವರೂ ಬಳ್ಳಾರಿ ಎಂದರು. ನಮ್ಮ ನರ್ಸಮ್ಮನೂ ಅದನ್ನೇ ಹೇಳಿದರು.

ಯಜಮಾನರಿಗೆ ಸಿಟ್ಟು ಬಂತು. "ನಾನು ಬಿದ್ದಿದ್ದು ಮೆಟ್ಲ ಮ್ಯಾಲಿಂದ ಅಷ್ಟ. ಊರು ಎತ್ತಿ ಆ ಕಡಿ ಇಟ್ಟೋರು ಸರ್ಕಾರದೋರು. ಮೊದ್ಲು ಅವರ ತಲಿ ನೋಡ್ರಿ."

ಕರೆದು ನೋಡಿ

ತಂಬ್ರಹಳ್ಳಿಯ ರೈತನೊಬ್ಬ ಟ್ರ್ಯಾಕ್ಟರಿನಿಂದ ಬಿದ್ದು ಹಗರಿಬೊಮ್ಮನಹಳ್ಳಿ ಆಸ್ಪತ್ರೆಗೆ ಬಂದಿದ್ದ. ಉಗುರು ಒತ್ತಿದರೆ ಕೈ ಎಳೆದುಕೊಳ್ಳುತ್ತಿದ್ದ, ಕಣ್ಣು ಮಾತ್ರ ಬಿಡುತ್ತಿರಲಿಲ್ಲ. ದೊಡ್ಡಾಸ್ಪತ್ರೆಗೆ ಸಾಗಿಸಲು ಜೀಪಿಗೆ ಹೇಳಿಕಳಿಸಿದ್ದೆವು. ಅಲ್ಲಿಯವರೆಗೆ ಉಳಿಯುತ್ತಾನೋ ಇಲ್ಲವೋ ಎಂದು ನನಗೂ ಹೆದರಿಕೆಯಾಗಿತ್ತು.

ಗುರುತಿನ ದನಿಗೆ ಕೆಲವರು ಎಚ್ಚರಗೊಳ್ಳುತ್ತಾರೆ. ತಮ್ಮ "ಅಣ್ಣಾ" ಎಂದು ಕೂಗಿದ. ತಾಯಿ "ಯಪ್ಪಾ, ಏಳಪ್ಪಾ" ಎಂದು ಕರೆದಳು. ಅವನು ಮಿಸುಕಲಿಲ್ಲ. ಹೆಂಡತಿ ಕಾಲ ಬಳಿ ನಿಂತು "ನೋಡ್ರಿ ಇಲ್ಲಿ" ಎಂದು ಪಿಸುಗುಡುತ್ತಿದ್ದಳು.

"ಹೆಸರು ಹಿಡಿದು ಜೋರಾಗಿ ಕರೆಯಮ್ಮ," ಎಂದೆ.

"ಒಮ್ಮಿನೂ ಕರದಿಲ್ರಿ. ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗ್ತೈತಂತ್ರಿ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಹೂಂ ಎಂದು ತಲೆಯಾಡಿಸಿದಳು. ಸೊಸೆ ಸೆರಗು ಬಿಗಿದುಕೊಂಡು, ಕಣ್ಣು ಮುಚ್ಚಿ, ಇಡೀ ವಾರ್ಡು ಬೆಚ್ಚುವಂತೆ ಕೂಗಿದಳು: "ಏ ಕೊಟ್ರೇಶಾ!"

ರೆಪ್ಪೆ ಅಲುಗಿತು. ಕಣ್ಣು ನಿಧಾನವಾಗಿ ತೆರೆಯಿತು.

"ನಮ್ಮವ್ವನ ಮುಂದ ನನ್ನ ಹೆಸರು ಹಿಡದು ಕರೀತಿಯಲ್ಲ," ಎಂದ ಕ್ಷೀಣ ದನಿಯಲ್ಲಿ, "ನಿನ್ನ ತಲಿ ನೆಟ್ಟಗೈತೇನು?"

ಕಣ್ಣು ಬಿಟ್ಟಿದ್ದ, ಹೆಂಡತಿ ತಾಯಿ ಇಬ್ಬರನ್ನೂ ಗುರುತಿಸಿದ್ದ, ಸಿಟ್ಟಿಗೂ ಕಾರಣವಿತ್ತು. ಪೂರ್ತಿ ಅಂಕ ಕೊಟ್ಟೆ.

ಹೆಂಡತಿ ಅಳುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ಇನ್ನೊಮ್ಮಿ ಕಣ್ಣು ಮುಚ್ಚಿ ನೋಡ್ರಿ, ಊರಿಗೇ ಕೇಳಂಗ ಕರೀತೀನಿ."